ತಗ್ಗಿನ ವಾರ್ಡಿನ ಮತ

ನಮ್ಮಣ್ಣನನ್ನು ಮೇಯರ್ ಮಾಡಿದ್ದು ನೀರು. ಮನೆಮನೆಗೆ ನಲ್ಲಿ ನೀರು ಕೊಡುತ್ತೇನೆ ಎಂದ, ಕೊಟ್ಟ. ಅದಕ್ಕಾಗಿ ಜಲಾಶಯದಲ್ಲಿ ಮುಳುಗಿದ್ದು ನಾವು ಹುಟ್ಟಿದ ತಗ್ಗಿನ ವಾರ್ಡು.

ಆಗ ಅವನು ನೀರು ಸಮಿತಿಯ ಅಧ್ಯಕ್ಷ. ಚುನಾವಣೆ ಹತ್ತಿರ ಬಂದಿತ್ತು. ಉದ್ಘಾಟನೆಯ ಅವಸರಕ್ಕೆ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಅಣೆಕಟ್ಟೆಯ ಗೇಟು ಇಳಿಸಿದ. ಎಲ್ಲರೂ ಖಾಲಿ ಮಾಡಿಯಾಗಿತ್ತು. ಅಮ್ಮನೂ ನನ್ನ ಜೊತೆ ಲಾರಿಯಲ್ಲಿ ಬಂದಿದ್ದಳು. ಆದರೆ ಹಿತ್ತಿಲ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಅವಳಿಗೆ. ಮುಳುಗುವ ಮನೆಗೆ ಚಿಲಕ ಯಾಕೆ ಎಂದು ನಾನು ಗದರಿದೆ. "ಇನ್ನೂ ಒಂದು ದಿನ ಇದೆಯಲ್ಲೇ," ಎಂದಳು. ನಾನು ಪಾತ್ರೆ ಜೋಡಿಸುವಷ್ಟರಲ್ಲಿ ಹಳೆಯ ಮನೆಗೆ ವಾಪಸ್ ಹೋಗಿಬಿಟ್ಟಿದ್ದಳು. ಅಲ್ಲಿ ನೀರು ಆಗಲೇ ಏರುತ್ತಿತ್ತು. ದೇಹವೂ ಸಿಗಲಿಲ್ಲ.

ಅಣ್ಣ ಅತ್ತ. ಸುಳ್ಳು ಅಳುವಲ್ಲ, ಅದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಆದರೆ ಕಣ್ಣೊರೆಸಿಕೊಂಡವನೇ ಮನೆ ಕಳೆದುಕೊಂಡವರ ಸಭೆಯಲ್ಲಿ ಮಾತು ಕೊಟ್ಟ: "ನಾನಿರೋವರೆಗೂ ನಿಮ್ಮ ವಾರ್ಡಿನ ಕುರ್ಚಿ ತೆಗೆಯಲ್ಲ. ಪಾಲಿಕೆ ಸಭೇಲಿ ಹೆಸರು ಕೂಗಿಸ್ತೀನಿ." ಜನ ಕರಗಿದರು, ಮತ ಸುರಿದರು. ಅಂದಿನಿಂದ ಪ್ರತಿ ಸಭೆಯಲ್ಲೂ ಕಾರ್ಯದರ್ಶಿ ಕೊನೆಗೆ "ತಗ್ಗಿನ ವಾರ್ಡು" ಎಂದು ಕೂಗಿ, ಉತ್ತರಕ್ಕೆ ಕಾಯುವವರಂತೆ ಖಾಲಿ ಕುರ್ಚಿಯತ್ತ ನೋಡುತ್ತಿದ್ದರು. ಸದಸ್ಯರು ಆಗ ಆಕಳಿಸುತ್ತಿದ್ದರು.

ಅಣ್ಣನ ಇನ್ನೊಂದು ವ್ರತವೂ ಊರಿಗೆಲ್ಲ ಗೊತ್ತು. ಗೆದ್ದ ದಿನವೇ, ತನಗೆ ಮತ ಹಾಕಿದ ವಾರ್ಡುಗಳಿಗೆಲ್ಲ ನಡೆದೇ ಹೋಗಿ ಬರುತ್ತಿದ್ದ. ಮತ ಕೊಟ್ಟವರ ಹೊಸ್ತಿಲು ತುಳಿಯದೆ ಊಟಕ್ಕೆ ಕೂರುತ್ತಿರಲಿಲ್ಲ.

ಈ ಸಲ ಅವನ ಮೇಯರ್ ಕುರ್ಚಿ ಅಲುಗಾಡುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಭೆ ಅದು. ಸಾಕು ಬಿಡು ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ಕೇಳುತ್ತಾನೆಯೇ? ಆ ಮಧ್ಯಾಹ್ನ ನಾನು ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆ. ಮೇಯರ್ ಆಯ್ಕೆಗೆ ಕಾರ್ಯದರ್ಶಿ ಒಂದೊಂದೇ ವಾರ್ಡು ಕೂಗಿದರು. ಪರ, ವಿರುದ್ಧ, ಪರ, ವಿರುದ್ಧ. ಕೊನೆಗೆ ಎರಡೂ ಕಡೆ ಸಮ. ಸೋಲದಿದ್ದರೂ ಗೆಲ್ಲಲಿಲ್ಲವಲ್ಲ, ಇನ್ನಾದರೂ ಮನೆಗೆ ಬರುತ್ತಾನೆ ಎಂದು ನನಗೆ ಖುಷಿಯೇ ಆಯಿತು.

"ತಗ್ಗಿನ ವಾರ್ಡು," ಎಂದರು ಕಾರ್ಯದರ್ಶಿ, ಅಭ್ಯಾಸಬಲದಿಂದ.

"ನಮ್ಮ ದೊಡ್ಡೋನಿಗೇ," ಎಂದಿತು ಖಾಲಿ ಕುರ್ಚಿ.

ಯಾರೂ ಆಕಳಿಸಲಿಲ್ಲ. ಅಣ್ಣನನ್ನು ದೊಡ್ಡೋನು ಎಂದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಮುಳುಗಿಸಿದ ಮಗನಿಗೂ ಅವಳ ಮತ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ ಬಂತು. ಕುರ್ಚಿಯ ಮೆತ್ತೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಲೆಕ್ಕಕ್ಕೆ ತಗೊಳ್ಳೋದಾ, ಸರ್?" ಕಾರ್ಯದರ್ಶಿ ಪೆನ್ನು ಎತ್ತಿ ಹಿಡಿದು ಕೇಳಿದರು.

"ಅಣ್ಣಾ, ಬೇಡ ಕಣೋ! ಆ ಮತ ಬೇಡ!" ಎಂದು ಮೇಲಿನಿಂದ ಕೂಗಿದೆ.

ಅವನು ನನ್ನನ್ನು ನೋಡಿದ. ಮತ್ತೆ ಮೇಯರ್ ಕುರ್ಚಿಯನ್ನು ನೋಡಿದ. "ಹೆಸರು ಕೂಗಿದ್ದೀರಿ, ಉತ್ತರ ಬಂದಿದೆ," ಎಂದ. "ಬರ್ಕೊಳ್ಳಿ."

ಗೆದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಎಂದಿನಂತೆ ಸುತ್ತು ಹೊರಟ. ನಾನು ಬೆನ್ನು ಬಿಡಲಿಲ್ಲ. ವಾರ್ಡುಗಳೆಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಅವನು ಮನೆ ಕಡೆ ತಿರುಗದೆ ಹಳೆಯ ಡಾಂಬರು ರಸ್ತೆ ಹಿಡಿದ. ಅದು ಇಳಿಯುತ್ತಾ ಇಳಿಯುತ್ತಾ ಜಲಾಶಯದೊಳಗೇ ಹೋಗುತ್ತದೆ.

"ಊಟಕ್ಕೆ ಹೊತ್ತಾಯ್ತು, ಬಾರೋ," ಎಂದು ತೋಳು ಹಿಡಿದೆ.

"ಒಂದು ಹೊಸ್ತಿಲು ಉಳಿದಿದೆ," ಎಂದು ನನ್ನ ಕೈ ಬಿಡಿಸಿದ. ಒರಟಾಗಿ ಅಲ್ಲ.

ಮೊಣಕಾಲುದ್ದ ನೀರಿನಲ್ಲಿ ನೇರ ನಡೆದ. ಬೇಕರಿ ಇದ್ದ ಮೂಲೆಯಲ್ಲಿ ಎಡಕ್ಕೆ ತಿರುಗಿದ. ನಾನು ಕಿರುಚಿದೆ, ಸೊಂಟದವರೆಗೆ ಇಳಿದೆ, ಆಮೇಲೆ ಕಾಲಿಗೆ ನೆಲ ಸಿಗಲಿಲ್ಲ. ಅವನಿಗೆ ಮಾತ್ರ ನೆಲ ಸಿಗುತ್ತಲೇ ಇತ್ತು. ಕತ್ತಿನವರೆಗೆ ನೀರು ಬಂದಾಗ ನಿಂತ.

ನಮ್ಮ ಆ ಹಳೆಯ ಮನೆಯ ಬಾಗಿಲು ಬಲು ಗಿಡ್ಡ. ಅಣ್ಣ ಉದ್ದ ಬೆಳೆದ ಮೇಲೆ ದಿನಾ ಹಣೆ ಬಡಿಸಿಕೊಳ್ಳುತ್ತಿದ್ದ. ಅಮ್ಮ ದಿನಾ ಒಳಗಿನಿಂದಲೇ ಎಚ್ಚರಿಸುತ್ತಿದ್ದಳು.

"ತಲೆ ಬಗ್ಗಿಸೋ, ದೊಡ್ಡೋನೇ," ಎಂಬ ದನಿ ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸಿತು.

ಅಣ್ಣ ತಲೆ ಬಗ್ಗಿಸಿ ಒಳಗೆ ಹೋದ.