ಗಂಗಣ್ಣನ ಹಾಲುತುಪ್ಪ

"ಲೇ ಬೋಳಿಮಗ್ನೆ, ಮೇಲೇನ್ಲಾ ನೋಡ್ತೀಯ? ನಿಮ್ಮಪ್ಪ ಕೂತವ್ನಾ ಅಲ್ಲಿ?"

ಕಂಟ್ರಾಕ್ಟರ್ ಶಿವರಾಮಯ್ಯ ಬೈದದ್ದು ಗಂಗಣ್ಣನನ್ನು. ಉತ್ತರ ಕೊಟ್ಟವನು ತಮ್ಮ ಯಲ್ಲಯ್ಯ.

"ಬಳ್ಳಿ, ಬುದ್ದಿ. ಮರಮರಕ್ಕೂ ಹಗ್ಗ ಬಿಗ್ದಂಗೈತೆ. ಮೊದ್ಲು ಅವ್ಗಳ್ನ ಕಡುದ್ಬುಟ್ರೆ..."

"ಬಳ್ಳಿ ಕಡೀತಾ ಕೂತ್ರೆ ಕಟ್ಟೆ ನೀರ್ನ ನಿಮ್ಮವ್ವ ತಡೀತಾಳಾ? ಹಾಕ್ಲಾ ಏಟು!"

ಹೊಸ ಅಣೆಕಟ್ಟಿನ ನೀರು ತುಂಬುವುದರೊಳಗೆ ಕಣಿವೆಯ ಮರ ಕಡಿದು ಸಾಗಿಸುವ ಕಂಟ್ರಾಕ್ಟು ಅವನದು. ಕೂಲಿಗಳನ್ನು ಕುಣಿಗಲ್ಲಿನ ತನ್ನೂರಿನಿಂದಲೇ ತುಂಬಿಕೊಂಡು ಬಂದಿದ್ದ. ಅಲ್ಲಿ ಮರವೆಂದರೆ ಒಂಟಿ. ಯಾವ ಕಡೆ ಕಚ್ಚು ಹಾಕಿದರೆ ಆ ಕಡೆ ಬೀಳುತ್ತದೆ. ಘಟ್ಟದ ಈ ಕಾಡಿನಲ್ಲಿ ಯಾವ ಮರವೂ ಒಂಟಿಯಲ್ಲ. ತೊಡೆಗಾತ್ರದ ಬಳ್ಳಿಗಳು ನೆತ್ತಿಯಿಂದ ನೆತ್ತಿಗೆ ಹೆಣೆದುಕೊಂಡಿದ್ದವು. ಕೊಂಬೆಯ ಮೇಲೆ ಪಾಚಿ, ಪಾಚಿಯ ಮೇಲೆ ಗಿಡ, ಗಿಡದ ಸುಳಿಯ ನೀರಿನಲ್ಲಿ ಕಪ್ಪೆ. ನಡುಮಧ್ಯಾಹ್ನವೂ ಬಿಸಿಲು ನೆಲಕ್ಕೆ ಇಳಿಯುತ್ತಿರಲಿಲ್ಲ. ಕಾಲಿಗೆ ಹತ್ತಿದ ಜಿಗಣೆ ನೇರಳೆ ಹಣ್ಣಿನಂತೆ ಊದಿ ತಾನಾಗಿ ಉದುರುತ್ತಿತ್ತು. ಅದಾದರೂ ಹೊಟ್ಟೆ ತುಂಬಿದ ಮೇಲೆ ಬಿಡುತ್ತಿತ್ತು.

ಗಂಗಣ್ಣ ಕಡಿದ. ಬುಡ ಕತ್ತರಿಸಿದರೂ ಮರ ಬೀಳಲಿಲ್ಲ. ಬಳ್ಳಿಗಳಿಗೆ ಜೋತು ನಿಂತಿತು. ಎಲ್ಲರೂ ಅದನ್ನೇ ನೋಡುತ್ತಿರುವಾಗ, ಯಾರೂ ಕೊಡಲಿ ತಾಗಿಸದ ಹಿಂದಿನ ಮರ ಬಳ್ಳಿಯ ಎಳೆತಕ್ಕೆ ಬೇರುಸಮೇತ ಕಿತ್ತು ಗಂಗಣ್ಣನ ಬೆನ್ನ ಮೇಲೆ ಬಂತು.

ಅಲ್ಲೇ ಗುಂಡಿ ತೋಡಿದರು. ಮೊಣಕಾಲುದ್ದಕ್ಕೆಲ್ಲ ಕೆಂಪು ಕಲ್ಲು ಸಿಕ್ಕಿತು. ಇಷ್ಟು ದೊಡ್ಡ ಕಾಡು ಇಷ್ಟು ತೆಳು ಮಣ್ಣಿನ ಮೇಲೆ ನಿಂತಿತ್ತು. ಕಲ್ಲಿನ ನಡುವೆ ಗುಂಡಿಯ ಉದ್ದವೂ ಸಾಲದೆ ಯಲ್ಲಯ್ಯ ಅಣ್ಣನನ್ನು ಮಡಚಿ ಮಲಗಿಸಬೇಕಾಯಿತು.

ಊರಿಗೆ ಬಂದ ಶಿವರಾಮಯ್ಯ ತನ್ನ ತೆಂಗಿನ ತೋಟದ ಅಂಚಿನ ಗುಡಿಸಲ ಮುಂದೆ ನಿಂತು ಗಂಗಣ್ಣನ ಹೆಂಡತಿಯನ್ನು ಕೂಗಿದ.

"ಜ್ವರ ಬಂದು ಹೋದ ಕಣಮ್ಮಿ ಪುಟ್ತಾಯಿ. ಆಸ್ಪತ್ರೆಯೋರೇ ಸುಟ್ರು. ಕೇಳು, ನಿನ್ ಮೈದುನನ್ನ."

ಯಲ್ಲಯ್ಯ ಹೂಂ ಅಂದ. ಗುಡಿಸಲು ನಿಂತ ನೆಲ ಶಿವರಾಮಯ್ಯನದು.

"ಸುಟ್ರಾ? ನಮ್ಮೋರ್ನ ಯಾವತ್ ಸುಟ್ಟವ್ರೆ?" ಅಂದಳು ಪುಟ್ಟತಾಯಮ್ಮ. "ಎಲ್ಲಿಗ್ ಬುಡ್ಲಿ ಹಾಲುತುಪ್ಪ?"

ಹೂತ ಗುಂಡಿಯ ಮೇಲೆ ಹಾಲು, ತುಪ್ಪ ಬಿಡುವ ತನಕ ಸತ್ತವನ ಬಾಯಾರಿಕೆ ತೀರುವುದಿಲ್ಲವೆಂದು ಕೇರಿಯವರ ನಂಬಿಕೆ. ಅಂದಿನಿಂದ ಆಕೆ ನೀರು ಕುಡಿಯುವಾಗಲೆಲ್ಲ ಚೊಂಬನ್ನು ಅರ್ಧಕ್ಕೇ ಇಳಿಸುತ್ತಿದ್ದಳು. ಯಲ್ಲಯ್ಯನಿಗೆ ಅದನ್ನು ನೋಡಲಾಗಲಿಲ್ಲ. ಮಳೆಗಾಲ ಮುಗಿದು ಕೂಲಿ ಲಾರಿ ಮತ್ತೆ ಬರುತ್ತದೆಂದು ಸುದ್ದಿಯಾದ ದಿನ ಬಾಯಿಬಿಟ್ಟ.

"ಜ್ವರ ಅಲ್ಲ ಅತ್ಗೆ. ಮರ. ನಾವೇ ಮಣ್ಣು ಮಾಡುದ್ವಿ. ಜಾಗ ಗೊತ್ತು ನಂಗೆ."

"ಹೂಂ ಅಂದ್ಯಲ್ಲೋ ಅವತ್ತು?"

"ಅಂದೆ."

"ಥೂ ನಿನ್ನ."

ಒಂದು ಕುಡಿಕೆ, ಎಲೆಯಲ್ಲಿ ಕಟ್ಟಿದ ತುಪ್ಪ ಹಿಡಿದು ಲಾರಿಗೆ ಮೊದಲು ಹತ್ತಿದವಳು ಅವಳೇ. "ಬರ್ಲಿ ಬುಡು, ಸೌದೆ ಹೊರ್ತಾಳೆ" ಅಂದ ಶಿವರಾಮಯ್ಯ. ಯಡಿಯೂರಿನ ಹೋಟೆಲಿನವನು ಮೈ ತಾಗದಂತೆ ಎತ್ತರದಿಂದ ಅವಳ ಕುಡಿಕೆಗೆ ಹಾಲು ಸುರಿದ. ಅರ್ಧ ನೆಲಕ್ಕೆ ಹೋಯಿತು. ಉಳಿದದ್ದು ಘಟ್ಟ ಹತ್ತುವುದರೊಳಗೆ ಒಡೆಯಿತು.

ಲಾರಿ ಇಳಿಜಾರಿನ ತುದಿಯಲ್ಲಿ, ಮುಂದಿನ ಮಳೆಗೆ ಮುಳುಗಲಿದ್ದ ಮರಗಳ ನಡುವೆ ನಿಂತಿತು. ಕೆಳಗೆ ಕಣಿವೆಯಿರಲಿಲ್ಲ, ನೀರಿತ್ತು. ಕಡಿಯದೆ ಬಿಟ್ಟ ಮರಗಳ ನೆತ್ತಿಗಳಷ್ಟೇ ಮೇಲಿದ್ದವು. ಒಂದೊಂದು ನೆತ್ತಿಯಲ್ಲೂ ಇರುವೆಗಳ ಕಪ್ಪು ಗೊಂಚಲು, ಹಾವು, ಮಂಗ. ಒಂದನ್ನೊಂದು ಮುಟ್ಟದೆ ಕೂತಿದ್ದವು.

"ಎಲ್ಲಿ?"

ಯಲ್ಲಯ್ಯ ಕೈಯೆತ್ತಿದ. ಎತ್ತ ತೋರಿಸಿದರೂ ಅದೇ ನೀರು.

ಶಿವರಾಮಯ್ಯ ನಕ್ಕ. "ಓ, ಇದಾ ಸಮಾಚಾರ? ಇಷ್ಟ್ ನೀರು ಕೊಟ್ಟಿವ್ನಿ, ಇನ್ನೂ ಬಾಯಾರ್ತದಾ ನಿನ್ ಗಂಡುಂಗೆ? ನಡೀರ್ಲಾ ಕೆಲ್ಸಕ್ಕೆ."

ಪುಟ್ಟತಾಯಮ್ಮ ನೀರಿನ ಕಡೆ ಹೋಗಲಿಲ್ಲ. ಶಿವರಾಮಯ್ಯನ ಹತ್ತಿರ ನಡೆದಳು. ಗುಂಡಿಯ ಸುತ್ತ ಬಿಡುವ ಹಾಗೆ, ಅವನ ಎರಡು ಬೂಟುಗಳ ಸುತ್ತ ಒಡೆದ ಹಾಲನ್ನೂ ತುಪ್ಪವನ್ನೂ ಬಿಟ್ಟಳು.

"ಕುಡಿ" ಅಂದಳು.

ಬದುಕಿದ್ದವನಿಗೆ ಹಾಲುತುಪ್ಪ! ಕೂಲಿಗಳು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಶಿವರಾಮಯ್ಯ ಅವಳ ಎದೆಗೆ ಒದ್ದ. ಕುಡಿಕೆ ಉರುಳುತ್ತಾ ನೀರಿಗೆ ಬಿತ್ತು. ಅವನು ಹಿಂದಿದ್ದ ದೊಡ್ಡ ಮರಕ್ಕೆ ಒರಗಿ, ಎಲೆ ಕಿತ್ತು ಬೂಟು ಒರೆಸಿಕೊಳ್ಳತೊಡಗಿದ.

"ಅತ್ಗೆ, ಈ ಕಡೆ ಬಾ" ಎಂದು ಯಲ್ಲಯ್ಯ ಅವಳನ್ನು ಎತ್ತಿ ದೂರ ಕೂರಿಸಿದ. ಕೊಡಲಿ ಹಿಡಿದು ತನ್ನ ಪಾಲಿನ ಮರದ ಮುಂದೆ ನಿಂತ. ತಲೆಯೆತ್ತಿದ. ಆ ಮರದ ನೆತ್ತಿಯಿಂದ ಹೊರಟ ಬಳ್ಳಿಗಳು ಶಿವರಾಮಯ್ಯ ಒರಗಿದ್ದ ಮರವನ್ನು ಬಿಗಿದು ಹಿಡಿದಿದ್ದವು.

"ಮೇಲೇನ್ಲಾ ನೋಡ್ತೀಯ ಸೂಳೆಮಗ್ನೆ? ಹಾಕ್ಲಾ ಏಟು!"

ಯಲ್ಲಯ್ಯ ಹಾಕಿದ.