ಅಕ್ಕೋರ ಪುಸ್ತಕದ ಉಳಿದರ್ಧ

ಕುಕನೂರಿನ ನಿವೃತ್ತ ಶಿಕ್ಷಕಿ, ಊರಿಗೆಲ್ಲ 'ಅಕ್ಕೋರು' ಆದ ಶೇಖರಮ್ಮನವರ ಆತ್ಮಕಥೆ ಅಚ್ಚಾಗಿ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಎಂಬತ್ತೇಳರ ಮುದುಕಿ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಪುಟ ತಿರುವಿದರು. ಆಮೇಲೆ ಹಿಂದಿನಿಂದಲೂ ತಿರುವಿದರು.

"ಐಶ್ವರ್ಯಾ, ಇದು ಇಷ್ಟ ಐತೇನು? ಉಳಿದದ್ದೆಲ್ಲಿ?"

ಮೊಮ್ಮಗಳು ಐಶ್ವರ್ಯ ಇಡೀ ಬೇಸಿಗೆ ಅಜ್ಜಿ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಟೈಪ್ ಮಾಡಿ ಕೊಟ್ಟವಳು. ಅವಳೂ ನೋಡಿದಳು. ಉರ್ದು ಶಾಲೆಯಲ್ಲಿ ಕನ್ನಡದಲ್ಲಿ ಉತ್ತರ ಹೇಳಿ ಬೆತ್ತದ ಏಟು ತಿಂದದ್ದಿತ್ತು. ನಿಜಾಮನ ಮೇಲೆ ಇನ್ನೊಬ್ಬ ಬಿಳಿಯ ದೊರೆ ಇದ್ದಾನೆಂದು ಕೇಳಿ ಇಬ್ಬರಿಗೂ ಹೆದರಿದ್ದಿತ್ತು. ಬ್ರಿಟಿಷರು ಹೋದರೂ ಇಲ್ಲಿ ನಿಜಾಮ ಹೋಗದೆ ಉಳಿದದ್ದು, ಅವನ ಕಡೆಯ ರಜಾಕಾರರು ಓಣಿಗೆ ಬೆಂಕಿ ಇಟ್ಟದ್ದು, ಅಣ್ಣ ದೊಡ್ಡಬಸಪ್ಪನನ್ನು ಬಾವಿಯ ಹತ್ತಿರ ಕೊಂದದ್ದು ಇತ್ತು. ಪುಸ್ತಕ ಅಲ್ಲಿಗೆ ಮುಗಿದಿತ್ತು.

ಅದನ್ನು ಅಚ್ಚು ಹಾಕಿಸಿದವನು ಅವರ ಹಳೆಯ ವಿದ್ಯಾರ್ಥಿ ಕಲ್ಲೇಶ, ರಜಾಕಾರರ ಹಾವಳಿಯಲ್ಲಿ ಸತ್ತವರಿಗಾಗಿ ಇರುವ ಕೊಪ್ಪಳದ ಒಂದು ಸ್ಮರಣ ಸಮಿತಿಯ ಕಾರ್ಯದರ್ಶಿ. ಶೇಖರಮ್ಮ ಕೂಡಲೇ ಫೋನ್ ಹಚ್ಚಿಸಿದರು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ಮೊದಲಿನ ಭಾಗ ಓದಿದ್ರ ಕಣ್ಣಾಗ ನೀರು ಬರತಾವ್ರಿ. ಆಮ್ಯಾಲಿಂದು ಬರೇ ಮೀಟಿಂಗು, ಚಾ, ಮನಿಮನಿ ತಿರಗೋದು. ಯಾರು ಓದತಾರ್ರಿ ಅದನ್ನ?"

"ಬೆಂಕಿ ಒಂದ ಸಂಜಿ ಹತ್ತಿತ್ತೊ, ಕಲ್ಲೇಶ. ಆರಿಸೂದರಾಗ ನನ್ನ ಜೀವನ ಹೋಗೇತಿ."

"ಎರಡನೇ ಮುದ್ರಣದಾಗ ನೋಡೋಣ್ರಿ," ಎಂದು ಅವನು ಫೋನ್ ಇಟ್ಟ.

ಅವನು ತೆಗೆದುಹಾಕಿದ ಭಾಗದಲ್ಲಿ ಮದಾರಸಾಬನಿದ್ದ. ಭಾರತದ ಸೈನ್ಯ ಬಂದು ನಿಜಾಮ ಸೋತ ಮೇಲೆ, ಸೇಡಿನ ಗುಂಪೊಂದು ಆ ಬಡ ಗಾಣದವನನ್ನು ಎಳೆದುಕೊಂಡು ಹೋಗಿ ಕೊಂದಿತು. ಅವನ ಹೆಂಡತಿ ಮತ್ತು ಎಳೆಗೂಸು ಮೆಹರುನಬಿಯನ್ನು ಶೇಖರಮ್ಮನ ತಾಯಿ ಹೊಟ್ಟಿನ ಕೋಣೆಯಲ್ಲಿ ಬಚ್ಚಿಟ್ಟು, ಬಾಗಿಲಿಗೆ ಅಡ್ಡ ಕೂತಿದ್ದಳು. ಮಗನನ್ನು ಕಳೆದುಕೊಂಡು ಆಕೆಗೆ ಇನ್ನೂ ತಿಂಗಳಾಗಿರಲಿಲ್ಲ. ಆ ಮೆಹರುನಬಿ ಮತ್ತು ಶೇಖರಮ್ಮ ಮುಂದೆ ಎಲ್ಲಿ ಮೆರವಣಿಗೆಗೆ ಕಲ್ಲು ಬಿದ್ದರೂ ಜೊತೆಯಾಗಿ ಹೋಗಿ, ಹಿಂದೂ-ಮುಸ್ಲಿಂ ಎರಡೂ ಓಣಿಗಳ ಮನೆಮನೆಯಲ್ಲಿ ಕೂತು ಮಾತಾಡಿಸಿ, ಮುಚ್ಚಿದ ಅಂಗಡಿ ತೆಗೆಸಿ ಬರುತ್ತಿದ್ದರು.

ಸೆಪ್ಟೆಂಬರಿನಲ್ಲಿ ಸಮಿತಿಯವರು ಕೊಪ್ಪಳದಲ್ಲಿ ಸನ್ಮಾನ ಇಟ್ಟುಕೊಂಡರು. ಬಿಟ್ಟದ್ದನ್ನು ಬಾಯಿಂದಲಾದರೂ ಹೇಳಬೇಕೆಂದೇ ಶೇಖರಮ್ಮ ಹೋದರು. ಅಣ್ಣನ ಸಾವಿನ ಬಗ್ಗೆ ಹೇಳುವಾಗ ಸಭೆ ಉಸಿರು ಬಿಗಿಹಿಡಿದು ಕೇಳಿತು.

"ನಮ್ಮಣ್ಣನ್ನ ಕೊಂದವರು ಹೊರಗಿಂದ ಬಂದವರು," ಎಂದರು. "ಮದಾರಸಾಬನ್ನ ಕೊಂದವರು ನಮ್ಮ ಓಣ್ಯಾವರು. ಅದನ್ನೂ ಹೇಳತೀನಿ, ಕೇಳ್ರಿ."

ಕಲ್ಲೇಶ ನಗುತ್ತ ಬಂದು ಶಾಲು ಹೊದಿಸಿದ. ಇನ್ನೊಬ್ಬ ಮೈಕನ್ನು ಮೆಲ್ಲಗೆ ಅತ್ತ ಸರಿಸಿದ. ವಂದನಾರ್ಪಣೆ ಶುರುವಾಯಿತು. ಶೇಖರಮ್ಮನ ಬಾಯಿ ಇನ್ನೂ ತೆರೆದೇ ಇತ್ತು.

ಹೊರಗೆ ಗಾಳೇಶ ಎಂಬ ತರುಣ ಕಾಲಿಗೆ ಬಿದ್ದ. "ನಿಮ್ಮ ಪುಸ್ತಕ ಓದೀನ್ರಿ ಅಜ್ಜಿ. ರಕ್ತ ಕುದೀತು. ನಿಮ್ಮಣ್ಣನ ಸೇಡು ನಾವು ತೀರಸ್ತೀವ್ರಿ."

"ಯಾರ ಮ್ಯಾಲೆ ತೀರಸ್ತಿ?"

ಅವನು ತಬ್ಬಿಬ್ಬಾದ. ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡ. ಶೇಖರಮ್ಮ ಅವನ ಹೆಸರು, ಊರು ಕೇಳಿ ಇಟ್ಟುಕೊಳ್ಳಲು ಐಶ್ವರ್ಯಳಿಗೆ ಹೇಳಿದರು.

ಅಲ್ಲಿಂದ ನೇರವಾಗಿ ಯಲಬುರ್ಗಾಕ್ಕೆ, ಮೆಹರುನಬಿಯ ಮನೆಗೆ ಹೋದರು. ಮೆಹರುನಬಿಗೆ ಆಕೆಯ ಮೊಮ್ಮಗಳು ಉಜ್ಮಾ ಪುಸ್ತಕವನ್ನು ಪೂರ್ತಿ ಓದಿ ಹೇಳಿದ್ದಳು.

"ಇದರಾಗ ನಾ ಎಲ್ಲೂ ಇಲ್ಲಲ್ಲಕ್ಕ," ಎಂದಳು ಮೆಹರುನಬಿ. "ನಮ್ಮಪ್ಪನೂ ಇಲ್ಲ, ನಿಮ್ಮವ್ವನೂ ಇಲ್ಲ."

"ನಾ ಎಲ್ಲಾ ಹೇಳಿದ್ದೆ. ಅವರು ತಗದಾರ."

"ತಗದ್ರ ಸುಮ್ಮನ ಶಾಲು ಹೊದಿಸ್ಕೊಂಡು ಬಂದಿಯೇನು?"

ಶೇಖರಮ್ಮನಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಶಾಲನ್ನು ಮುದ್ದೆ ಮಾಡಿ ಮೂಲೆಗೆ ಎಸೆದರು. ಉಜ್ಮಾ ಚಹಾ ತಂದಳು.

ಕೈಬಿಟ್ಟ ಭಾಗವನ್ನು ಐಶ್ವರ್ಯಳೇ ಜೆರಾಕ್ಸ್ ಮಾಡಿಸಿ ಹೊಲಿಸಿದಳು. ಮೆಹರುನಬಿ ಅದನ್ನು ಓದಿಸಿಕೊಂಡು ನಾಲ್ಕಾರು ಕಡೆ ತಪ್ಪು ಹಿಡಿದಳು; ಅದಕ್ಕೂ ಇಬ್ಬರ ನಡುವೆ ವಾಗ್ವಾದವಾಯಿತು. ತಿದ್ದಿದ ಮೇಲೆ ಒಂದು ಪ್ರತಿ ಸಮಿತಿಗೆ ಹೋಯಿತು, ಒಂದು ಕುಷ್ಟಗಿಯ ಗಾಳೇಶನಿಗೆ. ಕಲ್ಲೇಶ ಈಗ ಫೋನ್ ಎತ್ತುವುದಿಲ್ಲ. ಗಾಳೇಶನನ್ನು ಐಶ್ವರ್ಯ ಕೇಳಿದರೆ, "ಪುಸ್ತಕ ಮುಟ್ಟೇತ್ರಿ, ಓದಾಕ ಟೈಮ್ ಆಗಿಲ್ಲ" ಎಂದ.

"ಟೈಮ್ ಆಗಿಲ್ಲಂತ!" ಶೇಖರಮ್ಮ ಕೋಲು ಹುಡುಕಿದರು. "ಗಾಡಿಗೆ ಹೇಳು. ಯಲಬುರ್ಗಾದಾಗ ಮೆಹರುನಬಿನ್ನ ಹತ್ತಿಸ್ಕೊಳ್ಳೋಣ. ಅವನ ಮನ್ಯಾಗ ಕೂತು ನಾನ ಓದಿ ಹೇಳತೀನಿ."