ಮೂರನೆಯ ಮನೆಯ ಎಣ್ಣೆಹನಿ

ಮೊನ್‌ಫೆರಾತೊ ಎಂಬ ಇಟಲಿಯ ಗುಡ್ಡಗಳಲ್ಲಿ ಪ್ರತಿ ಶನಿವಾರ ಓರ್ನೆಲ್ಲಾಳ ಬಿಳಿ ವ್ಯಾನು ಎಂಟು ಮಂದಿ ವಿದೇಶಿ ಪ್ರವಾಸಿಗರನ್ನು ತುಂಬಿಕೊಂಡು ಮೂರು ವೈನ್ ಮನೆಗಳನ್ನು ಸುತ್ತುತ್ತದೆ. ಬೆಳಿಗ್ಗೆ ಹತ್ತಕ್ಕೆ ಮೊದಲನೆಯ ಮನೆ. ಅಲ್ಲಿ ಅವರೆಲ್ಲ ವಿದ್ವಾಂಸರು: ಗ್ಲಾಸಿನೊಳಗೆ ಮೂಗು ತೂರಿಸುತ್ತಾರೆ, ವೈನನ್ನು ಬಾಯಲ್ಲಿ ಮುಕ್ಕಳಿಸಿ ನುಂಗದೆ ಉಗುಳುತ್ತಾರೆ, ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಒಂದು ಬಾಟಲಿಯನ್ನೂ ಕೊಳ್ಳುವುದಿಲ್ಲ. ಎರಡನೆಯ ಮನೆಯಲ್ಲಿ ಊಟ. ಉಗುಳುವುದು ಅಲ್ಲಿಗೆ ನಿಲ್ಲುತ್ತದೆ. ಸಂಜೆ ನಾಲ್ಕೂವರೆಗೆ ಮೂರನೆಯ ಮನೆಗೆ ಬಂದು ಇಳಿಯುವಾಗ ಎಲ್ಲರೂ ಕವಿಗಳು. ಪೆಟ್ಟಿಗೆಗಟ್ಟಲೆ ಕೊಂಡು, ಅಂಗಳದ ನಾಯಿಗೂ ಮುತ್ತು ಕೊಟ್ಟು ಹೋಗುತ್ತಾರೆ.

ಎವಾಸಿಯೊನದು ಮೊದಲನೆಯ ಮನೆ.

ಮೂರನೆಯದು ತೊರಿನೊ ಪಟ್ಟಣದ ಒಬ್ಬ ವಕೀಲನದು. ಒಂಬತ್ತು ವರ್ಷದ ಹಿಂದೆ ಗುಡ್ಡ ಕೊಂಡವನು ಬಂದವರಿಗೆಲ್ಲ ಒಂಬತ್ತು ತಲೆಮಾರಿನ ಕಥೆ ಹೇಳುತ್ತಾನೆ. ಅದರಲ್ಲಿ ಅಂಕಿಯೊಂದು ಮಾತ್ರ ನಿಜ. ಎವಾಸಿಯೊನ ಮನೆಯಲ್ಲಿ ತಲೆಮಾರಿಗೇನೂ ಕೊರತೆಯಿಲ್ಲ. ಒಂದು ತಲೆಮಾರಂತೂ ತೊಂಬತ್ತೆರಡು ವರ್ಷದ ಬತ್ತಿಸ್ತಾ ಎಂಬ ಹೆಸರಿನಲ್ಲಿ ಅಂಗಳದಲ್ಲೇ ಕುಳಿತು ಅವರೆಕಾಳು ಬಿಡಿಸುತ್ತಿರುತ್ತದೆ. ಕೊರತೆಯಿದ್ದದ್ದು ಕೊಳ್ಳುವವರದು. ಈ ಅಕ್ಟೋಬರಿನೊಳಗೆ ಬಾಟಲಿಗಳು ಖಾಲಿಯಾಗದಿದ್ದರೆ ಮುಂದಿನ ವರ್ಷದಿಂದ ದ್ರಾಕ್ಷಿ ಸಹಕಾರ ಸಂಘದ ಲಾರಿಗೆ, ಬಾಟಲಿಗೆ ಅಂಟಿಸುವ ಮನೆತನದ ಹೆಸರಿನ ಚೀಟಿ ಒಲೆಗೆ. ಅಪ್ಪ ಬತ್ತಿಸ್ತಾನಿಗೆ ಅದನ್ನಿನ್ನೂ ಹೇಳಿರಲಿಲ್ಲ.

ಆ ಶುಕ್ರವಾರ ಓರ್ನೆಲ್ಲಾ ಫೋನು ಮಾಡಿದಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಇಪ್ಪತ್ತು ವರ್ಷ ಮಕ್ಕಳಿಗೆ ಲ್ಯಾಟಿನ್ ಕಲಿಸಿ, ಸತ್ತ ಭಾಷೆಗಿಂತ ಜೀವಂತ ಸುಳ್ಳಿಗೆ ಬೆಲೆ ಹೆಚ್ಚೆಂದು ಅರಿತು ಗೈಡ್ ಆದವಳು.

"ವಕೀಲರ ಮನೇಲಿ ನಾಳೆ ಸಂಜೆ ಮದುವೆ ಪಾರ್ಟಿ. ಬೆಳಿಗ್ಗೆ ಅಲ್ಲಿಗೆ ಹೋಗ್ತೀವಿ, ಸಂಜೆ ನಿನ್ನಲ್ಲಿಗೆ. ಚೆನ್ನಾಗಾದ್ರೆ ಮೂರನೇ ಜಾಗ ನಿಂದೇ. ಕೆಡಿಸಿದ್ಯೋ, ಮತ್ತೆ ಹತ್ತು ಗಂಟೆ. ಒಂದು ಕೆಲಸ ಮಾಡು ಮಾರಾಯ, ಮಣ್ಣಿನ ರಸಾಯನದ ಪಾಠ ಬೇಡ. ನಗ್ತಾ ಇರು."

"ನಗೋದಾ?"

"ಹೌದು. ಕನ್ನಡಿ ಮುಂದೆ ನಿಂತು ಕಲಿ. ಒಂದು ರಾತ್ರಿ ಟೈಮಿದೆ."

ಎವಾಸಿಯೊ ನಗು ಕಲಿಯಲಿಲ್ಲ. ಅದಕ್ಕಿಂತ ದೊಡ್ಡ ನಿರ್ಧಾರ ಮಾಡಿದ. ಚೀಟಿ ಅಂಟಿಸಿದ ಬಾಟಲಿ ಮಾರುವುದಕ್ಕೆ. ಮನೆಯವರು ಕುಡಿಯುವ ಬಾರ್ಬೆರಾ ಎಂಬ ಕೆಂಪು ವೈನು ಬೇರೆ. ಅದು ನೆಲಮಾಳಿಗೆಯಲ್ಲಿ, ಹುಲ್ಲಿನ ಬುಟ್ಟಿ ಹೆಣೆದ ಐದು ಲೀಟರಿನ ಗಾಜಿನ ಜಾಡಿಗಳಲ್ಲಿರುತ್ತದೆ. ಈ ಊರಿನಲ್ಲಿ ಆ ಜಾಡಿಗೆ ಬಿರಡೆ ಹಾಕುವುದಿಲ್ಲ. ಕುತ್ತಿಗೆಯಲ್ಲಿ ಒಂದು ಬೆರಳಿನಷ್ಟು ಎಣ್ಣೆ ಹೊಯ್ಯುತ್ತಾರೆ. ಅದು ವೈನಿನ ಮೇಲೆ ತೇಲುತ್ತ ಗಾಳಿಯನ್ನು ತಡೆಯುತ್ತದೆ. ಬಗ್ಗಿಸುವ ಮೊದಲು ಜಾಡಿಯನ್ನು ಓರೆ ಮಾಡಿ ಮಣಿಕಟ್ಟಿನಿಂದ ಒಮ್ಮೆ ಕೊಡವಬೇಕು. ಎಣ್ಣೆ ನೆಲಕ್ಕೆ ಹಾರಬೇಕು, ವೈನು ಹನಿಯೂ ಚೆಲ್ಲಬಾರದು. ಬತ್ತಿಸ್ತಾ ಅದನ್ನು ಮಗನಿಗೆ ಏಳನೆಯ ವಯಸ್ಸಿನಲ್ಲಿ, ತಲೆಗೊಂದು ಮೊಟಕು ಕೊಟ್ಟು ಕಲಿಸಿದ್ದ. ಅತಿಥಿಯ ಗ್ಲಾಸಿನಲ್ಲಿ ಎಣ್ಣೆ ಕಂಡ ಮನೆಗೆ ಈ ಊರಿನಲ್ಲಿ ಹೆಣ್ಣು ಕೊಡುತ್ತಿರಲಿಲ್ಲ.

ಅಪ್ಪನ ಪಾಲಿನ ಜಾಡಿಯನ್ನೇ ನಾಳೆ ಕೊಡುವುದೆಂದು ಎವಾಸಿಯೊ ಗಟ್ಟಿ ಮಾಡಿದ. ಅಮಲಿನಲ್ಲಾದರೂ ಸರಿ, ಯಾರಾದರೂ ಒಬ್ಬರು ಅದನ್ನು ಕುಡಿದು ಚೆನ್ನಾಗಿದೆ ಅನ್ನಲಿ.

ಶನಿವಾರ ವ್ಯಾನಿಗಿಂತ ಮೊದಲು ವ್ಯಾನಿನೊಳಗಿನ ಹಾಡು ಅಂಗಳಕ್ಕೆ ಬಂತು. ಎಂಟು ಜನ ನೆಲಮಾಳಿಗೆಗೆ ಇಳಿದರು. ಅವರಲ್ಲಿಬ್ಬರು ಮೆಟ್ಟಿಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಳಿದರು. ಹೂಜಿಗೆ ಬಗ್ಗಿಸಲೆಂದು ಎವಾಸಿಯೊ ಜಾಡಿಯನ್ನು ಓರೆ ಮಾಡಿ ಮಣಿಕಟ್ಟು ಸಡಿಲಿಸಿದ. ಇನ್ನೇನು ಕೊಡವಬೇಕು, ರಾಟರ್‌ಡ್ಯಾಮಿನ ಎತ್ತರದ ಹೆಂಗಸೊಬ್ಬಳು ಹಿಂದಿನಿಂದ ಅವನನ್ನು ತಬ್ಬಿ ಸೆಲ್ಫಿಗೆ ಫೋನು ಎತ್ತಿ ಹಿಡಿದಳು. ನಲವತ್ತೊಂಬತ್ತು ವರ್ಷ ತಪ್ಪದ ಕೈ ತಪ್ಪಿತು. ಎಣ್ಣೆ ನೆಲಕ್ಕೆ ಹಾರುವ ಬದಲು ನೇರ ಹೂಜಿಗೆ ಇಳಿಯಿತು. ಕತ್ತಲಲ್ಲಿ ಅದು ಕಾಣಲಿಲ್ಲ. ಎಂಟು ಗ್ಲಾಸು ತುಂಬಿಸಿ ದೀಪದಡಿ ಇಟ್ಟಾಗ ಕಂಡಿತು. ಒಂದೊಂದರ ಮೇಲೂ ಸಾರಿನ ಮೇಲೆ ತೇಲುವ ಹಾಗೆ ಹೊಳೆಯುವ ಎಣ್ಣೆಯ ಕಣ್ಣುಗಳು.

ಗ್ಲಾಸುಗಳನ್ನು ವಾಪಸು ಎಳೆದುಕೊಳ್ಳಲು ಅವನು ಕೈ ಚಾಚಿದ. ತಡವಾಗಿತ್ತು. ಒಹಾಯೊದ ನಿವೃತ್ತ ದಂತವೈದ್ಯನೊಬ್ಬ, ಬೆಳಿಗ್ಗೆ ವಕೀಲನ ಮನೆಯಲ್ಲಿ ಎಲ್ಲವನ್ನೂ ಉಗುಳಿ ಬಂದವನು, ಒಂದೇ ಗುಟುಕಿಗೆ ಅರ್ಧ ಇಳಿಸಿ, ಕಣ್ಣು ಮುಚ್ಚಿ, ತುಟಿ ಸವರಿಕೊಂಡು ಏನೋ ಪಿಸುಗುಟ್ಟಿದ.

"ರೇಷ್ಮೆ ಅಂತಿದಾರೆ," ಎಂದಳು ಓರ್ನೆಲ್ಲಾ. "ನಾಲಿಗೆ ಮೇಲೆ ರೇಷ್ಮೆ ಎಳೆದ ಹಾಗಿದೆಯಂತೆ."

"ಎಣ್ಣೆ ಕಣೇ ಅದು! ನನ್ನ ಮಾನ ಹೋಯ್ತು. ಕ್ಷಮಿಸಿ ಅನ್ನು, ಬೇರೆ ತರ್ತೀನಿ ಅನ್ನು."

ಓರ್ನೆಲ್ಲಾ ಗಂಟಲು ಸರಿಮಾಡಿಕೊಂಡು ಎರಡು ನಿಮಿಷ ಮಾತಾಡಿದಳು. ಕ್ಷಮಿಸಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಅಷ್ಟು ಹೊತ್ತು ಬೇಕಾಗದೆಂದು ಎವಾಸಿಯೊನಿಗೂ ಗೊತ್ತಿತ್ತು. ಕೇಳುತ್ತ ಕೇಳುತ್ತ ಎಂಟೂ ಮುಖಗಳು ಚರ್ಚಿನೊಳಗಿನ ಮುಖಗಳಾದವು. ರಾಟರ್‌ಡ್ಯಾಮಿನವಳು ಟೋಪಿ ತೆಗೆದಳು. ಅರ್ಧ ಗಂಟೆಯಲ್ಲಿ ಚೀಟಿ ಅಂಟಿಸಿದ ಬಾಟಲಿಗಳ ಹದಿನೇಳು ಪೆಟ್ಟಿಗೆ ವ್ಯಾನು ಹತ್ತಿದವು.

"ಏನು ಹೇಳಿದೆ?" ಎಂದ ಅವನು, ವ್ಯಾನಿನ ಬಾಗಿಲ ಹತ್ತಿರ.

"ಎಣ್ಣೆಹನಿ ಬಿಟ್ಟ ವೈನನ್ನ ರೋಮನ್ ಸೈನಿಕರು ಯುದ್ಧಕ್ಕೆ ಮುಂಚೆ ಕುಡೀತಿದ್ರು, ಅದನ್ನ ಉಳಿಸಿಕೊಂಡಿರೋದು ಇದೊಂದೇ ಮನೆ ಅಂದೆ. ಎಣ್ಣೆ ನಿಮ್ಮದೇ ಆಲಿವ್ ತೋಟದ್ದು ಅಂತಾನೂ ಅಂದೆ."

"ನಮ್ಮಲ್ಲಿ ಆಲಿವ್ ಮರ ಎಲ್ಲಿದೆಯೇ? ಅದು ಪೇಟೆಯಿಂದ ತರೋ ವ್ಯಾಸಲೀನ್ ಎಣ್ಣೆ! ಮಲಬದ್ಧತೆಗೆ ಡಾಕ್ಟರು ಬರೆದುಕೊಡೋದೂ ಅದನ್ನೇ."

"ಹಾಗಾದ್ರೆ ಒಂದು ಮರ ನೆಡು. ಕುಂಡದಲ್ಲಾದ್ರೂ ಸರಿ, ಗೇಟಿನ ಹತ್ತಿರ. ಮೂರನೇ ಜಾಗ ನಿಂದು. ಆದ್ರೆ ಪ್ರತಿ ಗ್ಲಾಸಿಗೂ ಎಣ್ಣೆಹನಿ ಬೀಳ್ಲೇಬೇಕು."

ಅಂಗಳದಲ್ಲಿ ಕಾಳು ಬಿಡಿಸುತ್ತಿದ್ದ ಬತ್ತಿಸ್ತಾನ ಕಿವಿ ಅವನಿಗೆ ಬೇಕಾದ ಮಾತಿಗೆ ಮಾತ್ರ ಚುರುಕು.

"ಏನ್ಲಾ, ಎಣ್ಣೆ ಸಮೇತ ಬಗ್ಗಿಸಿದ್ಯಂತೆ?"

"ಕೈ ಜಾರಿತಪ್ಪಾ."

"ಇನ್ಮೇಲೆ ವಾರ ವಾರ ಜಾರ್ತದಂತಲ್ಲ? ಹಂಗೇ ಒಂಚೂರು ಉಪ್ಪು, ವಿನೆಗರ್ ಬಿಡು. ನಾಲ್ಕು ಸೊಪ್ಪು ಕಿತ್ತು ಹಾಕು. ಸಲಾಡ್ ಆಯ್ತದೆ."

ಚೀಟಿ ಒಲೆಗೆ ಹೋಗುವ ವಿಷಯವನ್ನು ಮುಚ್ಚಿಟ್ಟ ಎವಾಸಿಯೊನಿಗೆ ಅದು ಉಳಿದ ಬಗೆಯನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಸೋಮವಾರ ಆಲಿವ್ ಗಿಡವೊಂದನ್ನು ಕೊಂಡ. ಜೊತೆಗೆ ಔಷಧಿ ಅಂಗಡಿಯಿಂದ ಕಣ್ಣಿಗೆ ಮದ್ದು ಬಿಡುವ ಗಾಜಿನ ಕೊಳವೆಯೊಂದನ್ನು.

ಮುಂದಿನ ಶನಿವಾರ ನಾಲ್ಕೂವರೆಗೆ ನೆಲಮಾಳಿಗೆಯಲ್ಲಿ ಹೊಸ ಎಂಟು ಮುಖ. ಎವಾಸಿಯೊ ಜಾಡಿಯನ್ನು ಓರೆ ಮಾಡಿ ಮಣಿಕಟ್ಟು ಕೊಡವಿದ. ಎಣ್ಣೆ ಚಿಮ್ಮಿ ನೆಲಕ್ಕೆ ಬಿತ್ತು. ವೈನಿನ ಒಂದು ಹನಿಯೂ ಚೆಲ್ಲಲಿಲ್ಲ. ಅಷ್ಟು ಚೆಂದದ ಕೊಡವು ಅವನ ಜನ್ಮದಲ್ಲೇ ಆಗಿರಲಿಲ್ಲ. ಅದನ್ನು ಯಾರೂ ನೋಡಲಿಲ್ಲ. ನಂತರ ಕೊಳವೆ ತೆಗೆದು ಗ್ಲಾಸಿಗೆ ಮೂರು ಮೂರು ಹನಿ ಬಿಟ್ಟ. ಎಂಟು ಫೋನುಗಳು ಎದ್ದವು. ತನ್ನ ಗ್ಲಾಸಿಗೆ ಮಾತ್ರ ಬಿಡಲಿಲ್ಲ; ಅಭ್ಯಾಸಬಲ.

ಮುಂದಿನ ಸಾಲಿನ ಒಬ್ಬ ಹುಡುಗಿ ಏನೋ ಕೇಳಿದಳು.

"ನಿನ್ನ ಗ್ಲಾಸಿಗೆ ಯಾಕಿಲ್ಲ ಅಂತಿದಾಳೆ," ಎಂದಳು ಓರ್ನೆಲ್ಲಾ, ನಗು ಕದಲಿಸದೆ. "ಬೇಗ ಏನಾದ್ರೂ ಹೇಳು."

"ಡಾಕ್ಟರು ಜಿಡ್ಡು ಬೇಡ ಅಂದಿದಾರೆ."

ಓರ್ನೆಲ್ಲಾ ತಿರುಗಿ, ದನಿ ತಗ್ಗಿಸಿ, ನಾಲ್ಕೇ ಮಾತು ಹೇಳಿದಳು. ಎಂಟು ಜನರೂ ತಲೆ ಬಾಗಿಸಿದರು. ಹುಡುಗಿಯ ಕಣ್ಣು ತುಂಬಿತು. ಅವಳು ಎವಾಸಿಯೊನ ಕೈ ಹಿಡಿದುಕೊಂಡಳು.

"ಈಗೇನು ಹೇಳಿದ್ಯೇ?"

"ನಿಮ್ಮಪ್ಪ ತೀರಿಕೊಂಡ ದಿನದಿಂದ ನಿನ್ನ ಪಾಲಿನ ಹನಿಗಳನ್ನ ಅವರ ಹೆಸರಲ್ಲಿ ಮುಟ್ಟೋದೇ ಬಿಟ್ಟಿದೀಯ ಅಂದೆ."

"ನಮ್ಮಪ್ಪ ಬದುಕಿದಾನೆ!"

ಅದಕ್ಕೆ ಸಾಕ್ಷಿಯೆಂಬಂತೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ದಿನವೂ ಐದು ಗಂಟೆಗೆ ಕುಡಿಯುವ ಗ್ಲಾಸನ್ನು ಹಿಡಿದು ಬತ್ತಿಸ್ತಾ ಒಂದೊಂದೇ ಮೆಟ್ಟಿಲು ಇಳಿದು ಬಂದ. ಎಂಟು ಮುಖಗಳು ಅವನತ್ತ ತಿರುಗಿದವು. ಅವನು ಮೇಜಿನ ಮೇಲಿನ ಗ್ಲಾಸುಗಳನ್ನೂ, ಕೊಳವೆಯನ್ನೂ, ಕೊನೆಗೆ ಮಗನನ್ನೂ ನೋಡಿದ.

"ಯಾರು ಅಂತ ಕೇಳ್ತಿದಾರೆ," ಪಿಸುಗುಟ್ಟಿದಳು ಓರ್ನೆಲ್ಲಾ. "ಏನ್ ಹೇಳ್ಲಿ?"

ಎವಾಸಿಯೊ ಅಪ್ಪನ ಕೈಯಿಂದ ಗ್ಲಾಸು ತೆಗೆದುಕೊಂಡು, ಹನಿ ಬಿಡದೆ, ಅಂಚಿನ ತನಕ ತುಂಬಿಸಿ ಕೊಟ್ಟ.

"ನಮ್ಮ ತಾತ ಅನ್ನು."